ಪೆನ್ಸಿಲಿನಲ್ಲಿ ಬರೆದ ನಾಲ್ಕು

ವಿದನ್‌ಲೋ ಪಾರ್ಕ್ ಗಾಲ್ಫ್ ಕ್ಲಬ್, ಚೆಶೈರ್
9 ಫೆಬ್ರವರಿ 1989

ಈನಿಡ್,

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಇದು ಯಾರದೆಂದು ನಿನಗೆ ತಿಳಿದಿರುತ್ತದೆ. ಒಲೆಗೆ ಹಾಕುವ ಮುಂಚೆ ಒಂದು ಪುಟವಾದರೂ ಓದು. ಮೂವತ್ತೊಂದು ವರ್ಷಗಳಲ್ಲಿ ನಿನಗೆ ಎಷ್ಟೋ ಕಾಗದ ಬರೆದು ಹರಿದು ಹಾಕಿದ್ದೇನೆ. ವಿಟ್ಬಿಯ ವಿಳಾಸ ನಿನ್ನ ತಂಗಿಯಿಂದ ಸಿಕ್ಕಿತು. ಅವಳನ್ನು ಬೈಯಬೇಡ, ನಾನೇ ಕಾಡಿಸಿ ತೆಗೆದುಕೊಂಡೆ.

ಕ್ಲಬ್ಬಿಗೆ ಈ ವರ್ಷ ನೂರು ತುಂಬುತ್ತದೆ. ನನ್ನನ್ನು ಮಹಿಳೆಯರ ಕ್ಯಾಪ್ಟನ್ ಮಾಡಿದ್ದಾರೆ. ನಗಬೇಡ. ಬೇರೆ ಯಾರೂ ಒಪ್ಪಲಿಲ್ಲ, ಎಪ್ಪತ್ತೊಂದರ ಮುದುಕಿಗೆ ಬೇರೆ ಕೆಲಸವೂ ಇಲ್ಲ. ಜೂನ್ ಹದಿನೇಳಕ್ಕೆ ದೊಡ್ಡ ಔತಣ. ಅಂದು ನಾನು ಊಟದ ಹಾಲ್‌ನಲ್ಲಿ ಗೆದ್ದವರ ಹಲಗೆಯ ಕೆಳಗೆ ನಿಂತು ಭಾಷಣ ಮಾಡಬೇಕು. ಆ ಹಲಗೆಯಲ್ಲಿ 1958ರ ಎದುರು ಚಿನ್ನದ ಅಕ್ಷರದಲ್ಲಿ ನನ್ನ ಹೆಸರಿದೆ. ಅದರ ಕೆಳಗೆ ನಿಂತು ನನ್ನ ಬಾಯಿಂದ ಒಂದು ಮಾತೂ ಹೊರಡುವುದಿಲ್ಲ ಈನಿಡ್. ಆ ಹೆಸರು ನಿನ್ನದಾಗಬೇಕಿತ್ತು.

ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಏಕೆಂದರೆ ನನ್ನ ತಪ್ಪನ್ನು ನಿನ್ನೆದುರು ನಾನು ಒಮ್ಮೆಯೂ ಪೂರ್ತಿ ಹೇಳಿಲ್ಲ. ಅಂದು ಕಪ್ಪಿನ ಸ್ಪರ್ಧೆಯಲ್ಲಿ ನಿನ್ನ ಅಂಕದ ಕಾರ್ಡನ್ನು ನಾನು ಬರೆಯುತ್ತಿದ್ದೆ, ನನ್ನದನ್ನು ನೀನು. ಹದಿಮೂರನೆಯ ಹೋಲಿನಲ್ಲಿ ಹಳ್ಳ ದಾಟಿ ಮೂರು ಹೊಡೆತಕ್ಕೆ ನೀನು ಕುಳಿಯ ಸುತ್ತಲಿನ ಗ್ರೀನ್ ಸೇರಿದ್ದೆ. ಕುಳಿಗೆ ಗೇಣುದ್ದ ಉಳಿದಿತ್ತು. ಅಷ್ಟರಲ್ಲಿ ಹಳ್ಳದ ಮೇಲೆ ಮಿಂಚುಳ್ಳಿ ಹಾರಿತು, ನಾನು ಅತ್ತ ನೋಡಿದೆ. ಚೆಂಡು ಕುಳಿಗೆ ಬಿದ್ದ ಸದ್ದು ಕೇಳಿ ನಾಲ್ಕು ಎಂದು ಬರೆದೆ. ನಡುವೆ ಒಂದು ಹೊಡೆತ ತಪ್ಪಿ, ಬಿದ್ದದ್ದು ಐದನೆಯದರಲ್ಲಿ. ನೀನು ನನ್ನನ್ನು ನಂಬಿ ಸಹಿ ಹಾಕಿದೆ. ಐದು ಎಂದೇ ಬರೆದಿದ್ದರೂ ನೀನು ಒಂದು ಹೊಡೆತದಿಂದ ಗೆದ್ದಿರುತ್ತಿದ್ದೆ. ಕಡಿಮೆ ಹೊಡೆತದವರು ಗೆಲ್ಲುವ ಆಟದಲ್ಲಿ ನಿಜಕ್ಕಿಂತ ಕಡಿಮೆ ಅಂಕಕ್ಕೆ ಸಹಿ ಹಾಕಿದವರು ಸ್ಪರ್ಧೆಯಿಂದಲೇ ಹೊರಗೆ, ಎರಡನೆಯವರು ಗೆದ್ದಂತೆ. ಎರಡನೆಯವಳು ನಾನು.

ಚಹಾದ ಹೊತ್ತಿಗೆ ಹುಲ್ಲಿನ ಮೇಸ್ತ್ರಿ ಹಾಲಿನ್ಸ್‌ಹೆಡ್ ಬಂದು, "ಹದಿಮೂರರಲ್ಲಿ ಅಷ್ಟು ಚಿಕ್ಕದು ತಪ್ಪಿಸ್ಕೊಂಡ್ರೂ ಗೆದ್ಬಿಟ್ರಲ್ಲ ಈನಿಡಮ್ಮ" ಎಂದು ನನಗೆ ಹೇಳಿದ. ನಾನು ನೇರ ಕಾರ್ಯದರ್ಶಿಯ ಕೋಣೆಗೆ ಹೋಗಿ ನನ್ನ ತಪ್ಪು ಹೇಳಿದೆ. ಮೊದಲು ನಿನ್ನ ಹತ್ತಿರ ಬರಬೇಕಿತ್ತು. ಅದು ನನ್ನ ಎರಡನೆಯ ತಪ್ಪು.

ಹಲಗೆಗಳನ್ನು ಹೊಸದಾಗಿ ಬರೆಸಲು ಇಳಿಸುತ್ತಿದ್ದಾರೆ. ನನ್ನ ಹೆಸರು ಕೆರೆಸಿ ನಿನ್ನದು ಬರೆಸಬೇಕೆಂದು ಸಮಿತಿಗೆ ಕೇಳಿದ್ದೇನೆ. ನೀನು ಒಪ್ಪಿದ್ದೀಯ ಎಂದು ಎರಡು ಸಾಲು ಬೇಕಂತೆ. ಬರೆದು ಕಳಿಸು.

ನಿನ್ನವಳೆಂದು ಬರೆಯಲು ಕೈ ಹೆದರುತ್ತದೆ,
ಥೆಲ್ಮಾ

*

ವಿಟ್ಬಿ
27 ಫೆಬ್ರವರಿ 1989

ಶ್ರೀಮತಿ ಗಾರ್ಸೈಡ್ ಅವರಿಗೆ,

ತಮ್ಮ ಪತ್ರ ತಲುಪಿತು. ತಪ್ಪು ಅಂಕಕ್ಕೆ ಸಹಿ ಹಾಕಿದವಳು ನಾನು. ನಿಯಮದ ಪ್ರಕಾರ ನಡೆದದ್ದು ಸರಿಯಾಗಿಯೇ ಇದೆ. ನನ್ನ ಹೆಸರು ಆ ಹಲಗೆಯ ಮೇಲೆ ಬರಕೂಡದು. ಈ ವಿಷಯದಲ್ಲಿ ಮತ್ತೆ ಬರೆಯುವ ಶ್ರಮ ತೆಗೆದುಕೊಳ್ಳಬೇಡಿ.

ಶತಮಾನೋತ್ಸವಕ್ಕೆ ಶುಭ ಹಾರೈಸುವ,
ಈನಿಡ್ ಕಾಟ್ರೆಲ್

*

ವಿದನ್‌ಲೋ ಪಾರ್ಕ್
12 ಮಾರ್ಚ್ 1989

ಈನಿಡ್,

ಏನೇ ಇದು, 'ಶ್ರೀಮತಿ ಗಾರ್ಸೈಡ್ ಅವರಿಗೆ', 'ತಮ್ಮ ಪತ್ರ'! ಬ್ಯಾಂಕಿನವರೂ ನನಗೆ ಇಷ್ಟು ಮರ್ಯಾದೆ ಕೊಡುವುದಿಲ್ಲ. ನನ್ನ ಮದುವೆಯ ದಿನ ಲಂಗದ ಹೊಲಿಗೆ ಬಿಚ್ಚಿದಾಗ ಹಲ್ಲಿನಿಂದ ದಾರ ಕಚ್ಚಿ ಹರಿದವಳು ನೀನು. ಬೈಯಬೇಕಾದರೆ ಬೈದುಬಿಡು, ಬಹುವಚನದಲ್ಲಿ ಮಾತ್ರ ಬೈಯಬೇಡ.

ಮತ್ತೆ ಬರೆಯಬೇಡಿ ಎಂದೆ. ಬರೆಯುತ್ತಿದ್ದೇನೆ. ನನ್ನ ಹಟ ನಿನಗೆ ಗೊತ್ತಿರುವುದೇ.

ಸಮಿತಿ ಸಭೆ ಸೇರಿತ್ತು. ಕಾರ್ಯದರ್ಶಿ ಬ್ರೊಮಿಲೋ ನಿನ್ನ ಕಾಗದವನ್ನು ಕನ್ನಡಕ ಏರಿಸಿ ಎರಡು ಸಲ ಓದಿದ. "ಆಯಮ್ಮ ಬೇಡ ಅಂತಾರೆ, ನೀವು ಬೇಡ ಅಂತೀರ. ಈ ಕಪ್ಪನ್ನ ನಾನೇ ಮನೆಗೆ ತಗೊಂಡು ಹೋಗ್ಲಾ?" ಎಂದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. "ಈನಿಡ್ ಹೆಸರು ಬರೀದೇ ಇದ್ರೂ ಪರವಾಗಿಲ್ಲ, ನನ್ನದು ಕೆರೆದು ಹಾಕಿ. ಸಾಲು ಖಾಲಿ ಇರಲಿ" ಎಂದೆ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಕರ್ನಲ್ ಥ್ವೇಟ್ ಇನ್ನೂ ಇದ್ದಾನೆ, ತೊಂಬತ್ತರ ಹತ್ತಿರ. "ಯುದ್ಧದ ವರ್ಷಗಳಿಗೆ ಮಾತ್ರ ಖಾಲಿ ಬಿಟ್ಟಿದೀವಿ ಕಣಮ್ಮ. ನಿಮ್ಮಿಬ್ಬರದೂ ಅದೇ ಲೆಕ್ಕಕ್ಕೆ ಸೇರತ್ತೆ ಬಿಡು" ಎಂದ. ಕೊನೆಗೆ ಒಪ್ಪಿದರು.

ನಾನು ಏಕೆ ಇಷ್ಟು ಹಟ ಮಾಡುತ್ತೇನೆಂದು ನಿನಗೆ ಗೊತ್ತಾಗಬೇಕು. ನೀನು ಊರು ಬಿಟ್ಟ ಮೇಲೆ ನನಗೊಂದು ಹೆಸರಿಟ್ಟರು. ಪೆನ್ಸಿಲ್ ರಾಣಿ. ಗೆಳತಿಯ ಕಾರ್ಡಿನಲ್ಲಿ ಬೇಕೆಂದೇ ತಪ್ಪು ಬರೆದು, ಸಹಿಯಾದ ಮೇಲೆ ಹೋಗಿ ಹೇಳಿಕೊಟ್ಟು ಕಪ್ ಹೊಡೆದವಳು ಎಂದು. ನಿನ್ನ ಗಂಡ ಜೆರಾಲ್ಡ್ ಹೊರಡುವ ಮುಂಚೆ ಕ್ಲಬ್ಬಿನ ಬಾರಿನಲ್ಲಿ ನಾಲ್ಕು ಜನರೆದುರು ಹಾಗೆಂದನಂತೆ, ಅಲ್ಲಿಂದ ಹಬ್ಬಿತು. ಎರಡು ವರ್ಷ ನನ್ನ ಜೊತೆ ಯಾರೂ ಜೋಡಿಯಾಗಿ ಆಡಲಿಲ್ಲ. ಬೇಕೆಂದೇ ಮಾಡಲಿಲ್ಲ ಎಂದು ನಿನಗಾದರೂ ಗೊತ್ತಿದೆ ಎಂದುಕೊಂಡು ಇದ್ದೆ. ಆದರೆ ನೀನು ಒಂದು ದಿನವೂ ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ.

ಹಾಗಾದರೆ ಏಕೆ ಕ್ಲಬ್ ಬಿಡಲಿಲ್ಲ ಎಂದು ಕೇಳಬಹುದು. ಬಿಡಲು ಎರಡು ಸಲ ಹೊರಟೆ. ಎರಡನೆಯ ಸಲ ರಾಜೀನಾಮೆ ಚೀಲದಲ್ಲಿಟ್ಟುಕೊಂಡು ಬೆಳಗ್ಗೆ ಏಳಕ್ಕೇ ಹೋದೆ. ಹಾಲಿನ್ಸ್‌ಹೆಡ್ ಒಂದನೆಯ ಗ್ರೀನ್ ಮೇಲೆ ಉದ್ದನೆಯ ಬಿದಿರುಕೋಲು ಬೀಸಿ ಇಬ್ಬನಿ ಉದುರಿಸುತ್ತಿದ್ದ. ಅವನು ಕೋಲು ಎಳೆದಷ್ಟಗಲ ಬೂದು ಹುಲ್ಲು ಹಸಿರಾಗುತ್ತ ಬಂತು. ಅವನ ಹಿಂದೆ ಎತ್ತರದ ಲೈಮ್ ಮರಗಳ ಸಾಲು, ಅದರಾಚೆ ಜಿಂಕೆಗಳಿದ್ದ ಕಾಲದ ಓಕ್ ಮರಗಳು. ಈ ಮೈದಾನ ಹಾಕಿದವರು ಒಂದು ಓಕನ್ನೂ ಕಡಿಯಲಿಲ್ಲವಲ್ಲ ಈನಿಡ್. ಮರ ಅಡ್ಡ ಬಂದ ಕಡೆ ಆಟವನ್ನೇ ಬಳಸಿ ತಿರುಗಿಸಿದರು. ಅಷ್ಟು ಮರ್ಯಾದಸ್ಥರು ಮಾಡಿದ ಜಾಗವನ್ನು ನಾಲ್ಕು ಜನರ ಬಾಯಿಗೆ ಹೆದರಿ ಬಿಡುವುದೇ ಎನ್ನಿಸಿತು. ಕಾಗದ ಚೀಲದಲ್ಲೇ ಉಳಿಯಿತು.

ಬಿಡದ ಹಟಮಾರಿ,
ಥೆಲ್ಮಾ

*

ವಿಟ್ಬಿ
3 ಏಪ್ರಿಲ್ 1989

ಥೆಲ್ಮಾ,

ಸರಿ, ಏಕವಚನ. ನೀನು ಗೆದ್ದೆ.

ನಿನ್ನ ಎರಡನೆಯ ಕಾಗದವನ್ನು ಮೂರು ವಾರ ಇಟ್ಟುಕೊಂಡು ಓದಿದ್ದೇನೆ. ಪೆನ್ಸಿಲ್ ರಾಣಿ ಎನ್ನುತ್ತಿದ್ದರೆಂದು ನನಗೆ ತಿಳಿದಿರಲಿಲ್ಲ ಎಂದು ಬರೆಯಹೊರಟೆ, ಹೊಡೆದು ಹಾಕಿದೆ. ತಿಳಿದಿತ್ತು. ತಂಗಿ ಬರೆದಿದ್ದಳು.

ಜೆರಾಲ್ಡ್ ತೀರಿಕೊಂಡು ಆರು ವರ್ಷವಾಯಿತು. ಇಲ್ಲಿ ಮನೆ ಸಮುದ್ರದ ಮೇಲಿನ ದಿಬ್ಬದಲ್ಲಿದೆ. ಗಾಳಿ ಎಂದರೆ ಗಾಳಿ, ಮರ ಎಂಬುದೇ ಇಲ್ಲ. ಬೆಳಗ್ಗೆ ಚಹಾ ಹಿಡಿದು ಕಿಟಕಿಯಲ್ಲಿ ಕೂತಾಗ ನಾನು ಮನಸ್ಸಿನಲ್ಲೇ ವಿದನ್‌ಲೋ ಆಡುತ್ತೇನೆ. ಒಂದನೆಯದರಿಂದ ಹದಿನೆಂಟರವರೆಗೆ. ಐದನೆಯದರಲ್ಲಿ ಹಳೆಯ ಬಂಗಲೆಯ ಚಿಮಣಿಗೆ ಗುರಿಯಿಟ್ಟು ಹೊಡೆಯಬೇಕು. ಎಂಟನೆಯದರಲ್ಲಿ ಯುದ್ಧದ ಕಾಲದಲ್ಲಿ ಉತ್ತು ಆಲೂಗಡ್ಡೆ ಹಾಕಿದ್ದ ಜಾಗ ಇವತ್ತಿಗೂ ಸ್ವಲ್ಪ ಏರಿಳಿತವಾಗಿ ಚೆಂಡನ್ನು ಎಡಕ್ಕೆ ತಳ್ಳುತ್ತದೆಯೆ? ಹನ್ನೊಂದರ ದೇವದಾರು ಇದೆಯೆ? ಈಗ ಹುಲ್ಲು ಕತ್ತರಿಸುವವರು ಯಾರು? ಲೋಕದಲ್ಲಿ ಅಂಥ ಇನ್ನೊಂದು ಜಾಗವನ್ನು ನಾನು ನೋಡಿಲ್ಲ. ಅಲ್ಲಿ ನಡೆಯುವಾಗ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಹದಿಮೂರನೆಯದು ಬಂದಾಗ ಮಾತ್ರ ಚಹಾ ಕೆಳಗಿಟ್ಟು ಎದ್ದುಬಿಡುತ್ತೇನೆ.

ನಿನ್ನ ಹೆಸರು ಕೆರೆಸಬೇಡ ಥೆಲ್ಮಾ. ಅಂದು ತಪ್ಪಿದವಳು ನೀನೊಬ್ಬಳೇ ಎಂದು ಇಷ್ಟು ಖಡಾಖಂಡಿತವಾಗಿ ಹೇಗೆ ಹೇಳುತ್ತೀಯೆ? ಇದಕ್ಕಿಂತ ಹೆಚ್ಚು ಬರೆಯಲು ಇವತ್ತು ನನ್ನಿಂದಾಗದು.

ಈನಿಡ್

*

ವಿದನ್‌ಲೋ ಪಾರ್ಕ್
20 ಏಪ್ರಿಲ್ 1989

ಪ್ರೀತಿಯ ಈನಿಡ್,

ಮೊದಲು ನಿನ್ನ ಪ್ರಶ್ನೆಗಳಿಗೆ ಉತ್ತರ. ಎಂಟನೆಯದು ಇವತ್ತಿಗೂ ಎಡಕ್ಕೇ ತಳ್ಳುತ್ತದೆ. ಮೊನ್ನೆ ಕರ್ನಲ್ ಥ್ವೇಟ್ ಅಲ್ಲಿ ನಿಂತು ಅರ್ಧ ಶತಮಾನದ ಹಿಂದಿನ ಆಲೂಗಡ್ಡೆಗೆ ಶಾಪ ಹಾಕುತ್ತಿದ್ದ. ದೇವದಾರಿನ ಒಂದು ದೊಡ್ಡ ಕೊಂಬೆ ಹೋದ ವರ್ಷದ ಹಿಂದಿನ ಬಿರುಗಾಳಿಗೆ ಮುರಿಯಿತು, ಮರ ಚೆನ್ನಾಗಿದೆ. ಹುಲ್ಲು ನೋಡುವವನು ಹಾಲಿನ್ಸ್‌ಹೆಡ್‌ನ ಮಗ ಕ್ಲಿಫರ್ಡ್. ಅಪ್ಪನ ಹಾಗೆಯೇ ಮಂಡಿಯೂರಿ ಕೆನ್ನೆಯನ್ನು ಹುಲ್ಲಿಗೆ ತಾಗಿಸಿ ಗ್ರೀನ್ ನೋಡುತ್ತಾನೆ. "ಯಂತ್ರ ಕೊಡ್ತೀವಪ್ಪ ಇಬ್ಬನಿಗೆ" ಎಂದರೆ, "ಯಂತ್ರಕ್ಕೆ ಏನ್ರೀ ಗೊತ್ತು, ಕೋಲೇ ಇರಲಿ" ಎನ್ನುತ್ತಾನೆ. ಅಂಥವರು ಇರುವುದರಿಂದ ಈ ಜಾಗ ನೂರು ವರ್ಷ ಹೀಗಿದೆ, ನಮ್ಮಂಥ ಸಮಿತಿಗಳಿಂದಲ್ಲ.

ಈಗ ನಿನ್ನ ಒಗಟಿನ ಮಾತು. ನನಗೆ ಒಗಟು ಬಿಡಿಸುವ ತಾಳ್ಮೆ ಹುಟ್ಟಿನಿಂದಲೂ ಇಲ್ಲ. ನೋಡದೆ ಸಹಿ ಹಾಕಿದ್ದು ನಿನ್ನ ತಪ್ಪು ಎನ್ನುತ್ತೀಯಾದರೆ, ಅದು ತಪ್ಪಲ್ಲ, ನಂಬಿಕೆ. ಆ ನಂಬಿಕೆಯನ್ನು ಕೆಡಿಸಿದವಳು ನಾನು. ಬೇರೇನಾದರೂ ಇದ್ದರೆ ನೇರವಾಗಿ ಹೇಳು.

ಮೇ ಒಂಬತ್ತು, ಮಂಗಳವಾರ ಬೆಳಗ್ಗೆ, ಅಕ್ಷರ ಬರೆಯುವವನು ನಟ್ಸ್‌ಫರ್ಡ್‌ನಿಂದ ಬರುತ್ತಾನೆ. ಮೊದಲು ಕೆರೆಯುವ ಕೆಲಸ, ಆಮೇಲೆ ಬರೆಯುವುದು. ಅಂದು ನನ್ನ ಹೆಸರು ಹೋಗುತ್ತದೆ. ಭಾಷಣದ ಹೊತ್ತಿಗೆ ನನ್ನ ತಲೆಯ ಮೇಲೆ ಖಾಲಿ ಜಾಗ ಇರುತ್ತದೆ, ನೆಮ್ಮದಿಯಾಗಿ ನಿಲ್ಲುತ್ತೇನೆ.

ನಿನ್ನ,
ಥೆಲ್ಮಾ

*

ವಿಟ್ಬಿ
5 ಮೇ 1989

ಥೆಲ್ಮಾ,

ಇದನ್ನು ನಿಂತುಕೊಂಡು ಬರೆಯುತ್ತಿದ್ದೇನೆ. ಕೂತರೆ ನಿಲ್ಲಿಸಿಬಿಡುತ್ತೇನೆ.

ನಾನು ನೋಡಿದ್ದೆ.

ನಾಲ್ಕು ಎಂದು ಬರೆದಿರುವುದನ್ನು ಸಹಿ ಹಾಕುವ ಮೊದಲೇ ನೋಡಿದ್ದೆ. ನೀನು ಕಾರ್ಡು ನನ್ನ ಕೈಗೆ ಕೊಟ್ಟು, "ನೋಡ್ಕೊಂಡು ಸಹಿ ಹಾಕಿ ಕೊಟ್ಬಿಡೇ, ನನ್ನ ಹಿಮ್ಮಡಿ ಸುಲಿದುಹೋಗಿದೆ" ಎಂದು ಹೊರಗಿನ ಬೆಂಚಿನ ಮೇಲೆ ಕೂತು ಶೂ ಬಿಚ್ಚುತ್ತಿದ್ದೆ. ನಾನು ಒಂದೊಂದೇ ಅಂಕಿ ನೋಡಿದೆ. ಹದಿಮೂರರಲ್ಲಿ ನಾಲ್ಕು. ನಿನ್ನ ಅಕ್ಷರ ಎಷ್ಟು ಸ್ಪಷ್ಟವಾಗಿತ್ತೆಂದರೆ ಸಂಶಯಕ್ಕೆ ಜಾಗವೇ ಇರಲಿಲ್ಲ. ನೀನು ಹತ್ತು ಹೆಜ್ಜೆ ದೂರದಲ್ಲಿದ್ದೆ. "ಥೆಲ್ಮಾ, ಇದು ಐದು ಕಣೇ" ಎಂದಿದ್ದರೆ ಮುಗಿದಿತ್ತು. ನೀನು ತಿದ್ದುತ್ತಿದ್ದೆ, ನಾನು ಗೆಲ್ಲುತ್ತಿದ್ದೆ.

ಗೆಲುವಿಗಾಗಿ ಮಾಡಲಿಲ್ಲ. ಗೆದ್ದಿದ್ದೇನೆಂದು ನನಗೆ ಗೊತ್ತೇ ಇತ್ತು. ಮಿಸ್ ಆರೆಲ್ 1931ರಲ್ಲಿ ಮಾಡಿದ ಎಪ್ಪತ್ತೇಳು ಹೊಡೆತದ ದಾಖಲೆ ನೆನಪಿದೆಯೆ, ಮೆಟ್ಟಿಲ ಹತ್ತಿರ ಹಿತ್ತಾಳೆ ತಗಡಿನಲ್ಲಿ? ನನ್ನ ನಿಜವಾದ ಆಟ ಎಪ್ಪತ್ತೇಳು. ಅವಳ ಸರಿಸಮ. ನೀನು ಬರೆದ ಕಾರ್ಡಿನ ಪ್ರಕಾರ ಎಪ್ಪತ್ತಾರು. ಇಪ್ಪತ್ತೇಳು ವರ್ಷ ಯಾರೂ ಮುರಿಯದ್ದು. ಹಾಳಾದ ಒಂದು ಹಿತ್ತಾಳೆ ತಗಡಿಗಾಗಿ, ಥೆಲ್ಮಾ. ತಪ್ಪು ಮಾಡಿದವಳು ಥೆಲ್ಮಾ, ನಾನಲ್ಲವಲ್ಲ ಎಂದುಕೊಂಡು ಸಹಿ ಹಾಕಿದೆ.

ಆ ಸಹಿಗೆ ನಾನು ಹೇಗೋ ಕ್ಷಮೆ ಕೇಳಬಲ್ಲೆ. ಆದರೆ ಸಂಜೆ ನೀನು ಕಾರ್ಯದರ್ಶಿಯ ಕೋಣೆಯಿಂದ ಬಂದು ನನ್ನೆರಡು ಕೈ ಹಿಡಿದುಕೊಂಡು, "ನಿನ್ನ ಕಪ್ ಕಳೆದುಬಿಟ್ಟೆ ಕಣೇ, ನಾನು ಮಾಡಿದ್ದಕ್ಕೆ ನಿನಗೆ ಹೀಗಾಯ್ತು" ಎಂದು ಬಿಕ್ಕಿಬಿಕ್ಕಿ ಅತ್ತೆಯಲ್ಲ, ಆಗ ನಾನು ನಿನ್ನನ್ನು ಅಳಲು ಬಿಟ್ಟು ಎದ್ದು ಹೋದೆ. ಜೆರಾಲ್ಡ್ ಅಂದದ್ದನ್ನೂ ತಡೆಯಲಿಲ್ಲ. ತಡೆದಿದ್ದರೆ ನಿಜ ಹೇಳಬೇಕಾಗುತ್ತಿತ್ತು. ನಿನ್ನ ಮೇಲಿನ ಸಿಟ್ಟಿಗೆ ಊರು ಬಿಟ್ಟೆ ಎಂದು ಎಲ್ಲರೂ ತಿಳಿದಿದ್ದಾರೆ. ನಾನು ಓಡಿಬಂದದ್ದು ನಿನ್ನ ಮುಖ ನೋಡಲಾರದೆ.

ನಮ್ಮ ಆಟದಲ್ಲಿ ತೀರ್ಪುಗಾರ ಇರುವುದಿಲ್ಲ. ಪೊದೆಯ ಹಿಂದೆ ಚೆಂಡು ಕೂದಲೆಳೆಯಷ್ಟು ಅಲುಗಿದರೂ ಆಡುವವಳೇ ಬಂದು ಹೇಳಬೇಕು. ನಾನು ಆ ಜಾಗವನ್ನು ಪ್ರೀತಿಸಿದ್ದೇ ಅದಕ್ಕೆ. ಅಂಥ ಜಾಗದಲ್ಲಿ ಹೀಗೆ ಮಾಡಿದೆ.

ಈ ಕಾಗದವನ್ನು ಸಮಿತಿಯ ಮುಂದೆ ಓದು. ನೀನೇ ಓದು, ಪೂರ್ತಿ ಓದು. ನಿನ್ನ ಹೆಸರು ಅಲ್ಲಿಯೇ ಇರಬೇಕು. ಈ ಆಟದ ನಿಯಮದಂತೆ ಗೆದ್ದವಳು ನೀನೇ.

ಕ್ಷಮೆ ಕೇಳುವ ಮುಖವಿಲ್ಲದ,
ಈನಿಡ್

*

ವಿದನ್‌ಲೋ ಪಾರ್ಕ್
11 ಮೇ 1989

ಈನಿಡ್,

ನಿನ್ನ ಕಾಗದ ಬಂದದ್ದು ಮಂಗಳವಾರ ಬೆಳಗ್ಗೆ ಎಂಟೂವರೆಗೆ. ಮುದ್ರೆ ನೋಡಿದೆ, ಎರಡು ದಿನ ಕೈಯಲ್ಲೇ ಇಟ್ಟುಕೊಂಡು ಅಂಚೆಗೆ ಹಾಕಿದ್ದೀಯ. ಅಡುಗೆಮನೆಯಲ್ಲಿ ನಿಂತೇ ಓದಿದೆ. ಟೋಸ್ಟು ಸುಟ್ಟು ಕರಿಯಾಗಿ ಹೊಗೆ ತುಂಬಿತು. ಮನೆಯೊಳಗಿನ ಚಪ್ಪಲಿಯಲ್ಲೇ ಕಾರು ಹತ್ತಿದೆ.

ನಾನು ಊಟದ ಹಾಲ್‌ನೊಳಗೆ ನುಗ್ಗಿದಾಗ ಅಕ್ಷರದವನು ಹಲಗೆಯನ್ನು ಎರಡು ಮೇಜಿನ ಮೇಲೆ ಮಲಗಿಸಿಕೊಂಡು ಕೆರೆಯುತ್ತಿದ್ದ. 'ಶ್ರೀಮತಿ' ಹೋಗಿತ್ತು. ನನ್ನ ಹೆಸರಿನ 'ಟಿ' ಹೋಗಿತ್ತು. ಗಾರ್ಸೈಡ್‌ನ ಕಾಲು ಭಾಗವೂ ಹೋಗಿತ್ತು.

"ನಿಲ್ಸಪ್ಪಾ, ನಿಲ್ಸು!" ಎಂದು ಕೂಗಿದೆ.

ಪಾಪ, ಅವನು ಬೆಚ್ಚಿ ಉಳಿಯನ್ನೇ ಕೆಳಗೆ ಹಾಕಿದ. "ಯಾಕಮ್ಮ, ಬೇರೆಯೋರ ಹೆಸರು ಕೆರೆದುಬಿಟ್ನಾ?"

"ಇಲ್ಲ, ನನ್ನದೇ. ಅದಕ್ಕೇ ನಿಲ್ಸು ಅಂದಿದ್ದು."

ಬ್ರೊಮಿಲೋ ಓಡಿಬಂದ. ಅಂದೇ ಹನ್ನೊಂದಕ್ಕೆ ಸಮಿತಿಯವರನ್ನು ಸೇರಿಸಿದೆ. ಕರ್ನಲ್‌ನನ್ನು ಮೊದಲನೆಯ ಹೋಲಿನಿಂದ ಎಳೆದು ತಂದರು, ಬೈದುಕೊಂಡು ಬಂದ. ನೀನು ಹೇಳಿದಂತೆ ಪೂರ್ತಿ ಓದಿದೆ. ಒಂದು ಸಾಲನ್ನೂ ಬಿಡಲಿಲ್ಲ. ನಾನು ಅತ್ತ ಭಾಗದಲ್ಲಿ ನಿಲ್ಲಿಸಿ, ನೀರು ಕುಡಿದು ಮುಂದುವರಿಸಿದೆ. ಸುಳ್ಳೇಕೆ ಹೇಳಲಿ, ಆ ಜನರ ಮುಂದೆ ಅದನ್ನು ಓದುವಾಗ ನನಗೆ ಸಂತೋಷವೂ ಆಯಿತು. ಪೆನ್ಸಿಲ್ ರಾಣಿ ಎಂದವರಲ್ಲಿ ಇಬ್ಬರು ಅಲ್ಲೇ ಕೂತಿದ್ದರು.

ಓದಿ ಮುಗಿಸಿ ಕಾಗದ ಮಡಿಸಿದೆ. ಬ್ರೊಮಿಲೋ, "ಇಷ್ಟು ವರ್ಷ ಆದ್ಮೇಲೆ ಬರ್ದಿದಾರಲ್ಲ, ಏನು ಪ್ರಯೋಜನ?" ಎಂದ.

ಕರ್ನಲ್ ಕೋಲನ್ನು ನೆಲಕ್ಕೆ ಕುಟ್ಟಿದ. "ಯಾರಾದ್ರೂ ಕೇಳಿದ್ರೇನಯ್ಯ ಆಕೆನ? ಯಾರಿಗಾದ್ರೂ ಗೊತ್ತಿತ್ತಾ? ಯಾರೂ ನೋಡದೇ ಇದ್ದಿದ್ದನ್ನ ತಾನಾಗೇ ಬಂದು ಹೇಳಿದಾಳೆ. ತಡ ಆಯ್ತು, ಆಗ್ಲಿ. ಈ ಕ್ಲಬ್ಬಿನ ಮೆಂಬರು ಬರೆಯೋ ಕಾಗದ ಇದು." ನಿನ್ನ ಹೆಸರನ್ನು ಮತ್ತೆ ಸದಸ್ಯರ ಪಟ್ಟಿಗೆ ಸೇರಿಸಬೇಕೆಂದು ಆಗಲೇ ಸೂಚಿಸಿದ. ಎಲ್ಲರೂ ಕೈ ಎತ್ತಿದರು. ನಾನು ಎತ್ತಿದ್ದು ಎಲ್ಲರಿಗಿಂತ ಕೊನೆಗೆ, ಆದರೆ ಎತ್ತಿದೆ.

ಸಂಜೆ, ಮತ್ತೆ ಬರೆಸಿದ ನನ್ನ ಹೆಸರು ಒಣಗಿದ ಮೇಲೆ ಒಬ್ಬಳೇ ಹೋಗಿ ನೋಡಿದೆ. ಗೊತ್ತೇನೇ, ಇಷ್ಟು ವರ್ಷ ಆ ಹಾಲ್‌ನಲ್ಲಿ ಸಾವಿರ ಸಲ ಊಟ ಮಾಡಿದ್ದೇನೆ, ಆ ಸಾಲನ್ನು ಇಸವಿ ದಾಟಿ ಒಮ್ಮೆಯೂ ಓದಿರಲಿಲ್ಲ. ಮೊನ್ನೆ ಓದಿದೆ. ಕೊನೆಯ ಅಕ್ಷರದವರೆಗೆ, ಬಾಯಿಬಿಟ್ಟು. ಜೂನ್ ಹದಿನೇಳಕ್ಕೆ ಅದರ ಕೆಳಗೆ ನಿಂತು ಮಾತಾಡುತ್ತೇನೆ. ಈ ಮೈದಾನವನ್ನು ಹೊಗಳಲು ನನ್ನಲ್ಲಿ ಇಷ್ಟು ಮಾತಿತ್ತೆಂದು ನನಗೇ ಗೊತ್ತಿರಲಿಲ್ಲ, ಆಗಲೇ ಹನ್ನೊಂದು ಪುಟವಾಗಿದೆ.

ಈಗ ನಿನ್ನ ವಿಷಯ. ಔತಣಕ್ಕೆ ನಿನ್ನನ್ನು ಕರೆಸಲು ಬ್ರೊಮಿಲೋ ಆಮಂತ್ರಣ ಬರೆಯಹೊರಟಿದ್ದ. ಬೇಡ ಎಂದೆ. ಅದಕ್ಕೆ ಕಾರಣ ನಿನಗೆ ನೇರವಾಗಿ ಹೇಳಬೇಕು. ನನಗೆ ನಿನ್ನ ಮೇಲೆ ಸಿಟ್ಟು ಬಂದಿದೆ. ಮೈಯೆಲ್ಲ ಉರಿಯುವಷ್ಟು. ಒಂದು ಸಾಲು ಬರೆದಿದ್ದರೆ ಸಾಕಿತ್ತಲ್ಲೇ ಈನಿಡ್, ಒಂದೇ ಸಾಲು, 1958ರಲ್ಲಿ, 1960ರಲ್ಲಿ, ನನ್ನ ಗಂಡ ಸತ್ತ ವರ್ಷದಲ್ಲಿ. ನಿನ್ನೆ ನಿನ್ನ ಕಾಗದವನ್ನು ಹಿಡಿದು ಬೈಯುತ್ತ ಒಂಬತ್ತು ಹೋಲ್ ಸುತ್ತಿ ಬಂದೆ. ಕ್ಲಿಫರ್ಡ್ ನನ್ನನ್ನು ನೋಡಿ ಹುಲ್ಲು ಕತ್ತರಿಸುವ ಯಂತ್ರ ತಿರುಗಿಸಿಕೊಂಡು ಬೇರೆ ಕಡೆ ಹೋದ.

ಮೂವತ್ತೊಂದು ವರ್ಷ ನನ್ನ ಮೇಲೆ ನಾನೇ ಸಿಟ್ಟು ಮಾಡಿಕೊಂಡಿದ್ದೆ. ಈ ಬೇಸಿಗೆ ಪೂರ್ತಿ ನಿನ್ನ ಮೇಲೆ ಮಾಡಿಕೊಳ್ಳುತ್ತೇನೆ, ಅಷ್ಟು ನನಗೆ ಸಲ್ಲಬೇಕು. ಕಾಗದಕ್ಕೆ ಉತ್ತರ ಬರೆಯುವುದಿಲ್ಲ, ಫೋನು ಮಾಡಬೇಡ.

ನನ್ನ ಸಿಟ್ಟು ನಾಲ್ಕು ತಿಂಗಳಿಗಿಂತ ಹೆಚ್ಚು ಬಾಳುವುದಿಲ್ಲ, ನಿನಗೇ ಗೊತ್ತು. ಸೆಪ್ಟೆಂಬರಿನಲ್ಲಿ ಬಾ.

ಥೆಲ್ಮಾ